ದೋಹಾ ತನಕ ಹೋದ ನೀಲಿ ಜೆರ್ಸಿ

ಗೊಟ್ಟಿಗೆರೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೊಂದು ಟರ್ಫ್ ಇದೆ. ಸುತ್ತ ಬಲೆ ಕಟ್ಟಿ, ಪ್ಲಾಸ್ಟಿಕ್ ಹುಲ್ಲು ಹಾಸಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಅಂಗಳ. ಸಂಜೆ ಅಲ್ಲಿ ಆಡುವ ಹುಡುಗರಲ್ಲಿ ಒಬ್ಬ ನಮ್ಮ ಎದುರು ಮನೆಯವನು, ಒಂಬತ್ತನೇ ಕ್ಲಾಸಿನಲ್ಲಿದ್ದಾನೆ. ಮೊನ್ನೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ಕೇಳಿದ: “ಅಂಕಲ್, ಗ್ರೀಸ್ ದೇಶದ ಒಲಿಂಪಿಯಾಕೋಸ್ ಅವರ ಲೀಗಲ್ಲಿ ಮೂರನೇ ಪ್ಲೇಸ್ ಬಂದಿತ್ತು. ಅದೇ ಸೀಸನ್‌ನಲ್ಲಿ ಯುರೋಪ್ ಕಪ್ ಗೆದ್ದಿದೆ. ಸ್ವಂತ ಊರಲ್ಲೇ ಫಸ್ಟ್ ಬರದೆ ಇರೋರು ಹೊರಗಡೆ ಹೇಗೆ ಗೆಲ್ತಾರೆ?”

ಹುಡುಗನ ಪ್ರಶ್ನೆಯಲ್ಲಿ ತಪ್ಪಿಲ್ಲ. ಕ್ರೀಡೆಯ ಒಂದು ವರ್ಷ ಎಂದರೇನು ಎಂಬುದನ್ನು ನಾವು ಬೆಂಗಳೂರಿನವರು ಐಪಿಎಲ್ ನೋಡಿ ಕಲಿತವರು. ಒಂದು ತಂಡ, ಒಂದು ಟೂರ್ನಿ, ಒಂದು ಅಂಕಪಟ್ಟಿ. ಫೈನಲ್ ಮುಗಿದರೆ ಆ ವರ್ಷದ ಲೆಕ್ಕ ಚುಕ್ತಾ. ಫುಟ್‌ಬಾಲ್ ಕ್ಲಬ್ಬಿನ ವರ್ಷ ಹಾಗಿರುವುದಿಲ್ಲ. ಭಾನುವಾರ ತನ್ನ ದೇಶದ ಲೀಗ್, ಗುರುವಾರ ಯಾವುದೋ ಪರದೇಶದ ನೆಲದಲ್ಲಿ ಖಂಡದ ಟೂರ್ನಿ, ನಡುವೆ ಬಿಡುವು ಸಿಕ್ಕಲ್ಲಿ ದೇಶದ ಕಪ್. ಅದೇ ಆಟಗಾರರು, ಅದೇ ಕಾಲುಗಳು. ಲೀಗ್ ಎಂಬುದು ಬೇಸಾಯದಂತೆ: ಒಂದು ದಿನ ಮಳೆ ಕೈಕೊಟ್ಟರೂ ಒಟ್ಟು ಫಸಲು ಎಷ್ಟು ಎಂಬುದೇ ಮುಖ್ಯ. ಖಂಡದ ಕಪ್ಪಿನ ಕೊನೆಯ ಹಂತಗಳು ಜಾತ್ರೆಯ ಕುಸ್ತಿಯಂತೆ: ಬೆನ್ನು ನೆಲಕ್ಕೆ ತಾಗಿದರೆ ಮನೆಗೆ ಹೊರಡಬೇಕು.

ಒಲಿಂಪಿಯಾಕೋಸ್ ಅಥೆನ್ಸ್‌ಗೆ ಅಂಟಿಕೊಂಡಿರುವ ಬಂದರು ಪಟ್ಟಣ ಪಿರೇಯಸ್‌ನ ಕ್ಲಬ್. 2023-24ರಲ್ಲಿ ಅದು ಮೂವರು ಕೋಚ್‌ಗಳನ್ನು ಕಂಡಿತು. ಗ್ರೀಸ್‌ನ ಲೀಗ್ ಪಾವೋಕ್ ಕ್ಲಬ್ಬಿನ ಪಾಲಾಯಿತು. ಯುರೋಪಾ ಲೀಗ್‌ನ ಗುಂಪಿನಲ್ಲೂ ಮೂರನೇ ಸ್ಥಾನ. ಆದರೆ ಆಗಿನ ನಿಯಮದಂತೆ ಗುಂಪಿನಲ್ಲಿ ಮೂರನೆಯವರಾದವರು ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಲೀಗ್‌ಗೆ ಇಳಿಯುತ್ತಿದ್ದರು. ಅಲ್ಲಿ ಮಕಾಬಿ ಟೆಲ್ ಅವೀವ್ ವಿರುದ್ಧ ತವರಿನಲ್ಲೇ 1-4ರಿಂದ ಸೋತರು. ಒಂದು ವಾರದ ನಂತರ ಎರಡನೇ ಪಂದ್ಯವನ್ನು ಹೆಚ್ಚುವರಿ ಸಮಯದಲ್ಲಿ 6-1ರಿಂದ ಗೆದ್ದು, ಎರಡೂ ಪಂದ್ಯಗಳ ಗೋಲು ಕೂಡಿಸಿದಾಗ 7-5ರಿಂದ ಮುಂದೆ ಹೋದರು. ಸೆಮಿಫೈನಲ್‌ನಲ್ಲಿ ಆಸ್ಟನ್ ವಿಲ್ಲಾವನ್ನು ಇಂಗ್ಲೆಂಡಿನಲ್ಲಿ 4-2, ಪಿರೇಯಸ್‌ನಲ್ಲಿ 2-0ಯಿಂದ ಸೋಲಿಸಿದರು. 2024ರ ಮೇ 29ರಂದು ಅಥೆನ್ಸ್‌ನಲ್ಲಿ ನಡೆದ ಫೈನಲ್‌ನ 116ನೇ ನಿಮಿಷದಲ್ಲಿ ಮೊರಾಕೊದ ಅಯೂಬ್ ಎಲ್ ಕಾಬಿ ಫಿಯೊರೆಂಟಿನಾ ವಿರುದ್ಧ ಗೋಲು ಹೊಡೆದ. ಯುರೋಪಿನ ಕಪ್ ಒಂದನ್ನು ಗ್ರೀಕ್ ಕ್ಲಬ್ ಗೆದ್ದದ್ದು ಅದೇ ಮೊದಲು. ಅದಕ್ಕೂ 53 ವರ್ಷ ಮೊದಲು, 1971ರಲ್ಲಿ, ಪನಾಥಿನಾಯ್ಕೋಸ್ ಯುರೋಪಿಯನ್ ಕಪ್ ಫೈನಲ್ ತಲುಪಿ ವೆಂಬ್ಲಿಯಲ್ಲಿ ಅಯಾಕ್ಸ್‌ಗೆ 0-2ರಿಂದ ಸೋತಿತ್ತು. ಗ್ರೀಕರು ಆ ಸೋಲನ್ನೂ ಇವತ್ತಿಗೂ ಎದೆಯಲ್ಲಿ ಇಟ್ಟುಕೊಂಡಿದ್ದಾರೆ.

ಇಷ್ಟು ಹೇಳಿದ ಮೇಲೆ ನಾನು ಹುಡುಗನನ್ನು ಕೇಳಿದೆ: “2016ರಲ್ಲಿ ನಮ್ಮ ಊರಿನ ಕ್ಲಬ್ ಏಷ್ಯಾದಲ್ಲಿ ಫೈನಲ್ ಆಡಿತ್ತು, ಗೊತ್ತಾ?” ಅವನಿಗೆ ಗೊತ್ತಿರಲಿಲ್ಲ. ಆಗ ಅವನು ಇನ್ನೂ ಅಂಗನವಾಡಿ ವಯಸ್ಸಿನ ಮಗು, ಅವನದೇನೂ ತಪ್ಪಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಅದು ನನಗೆ ನೋವಿನ ವಿಷಯ. ಈ ಅಂಕಣ ಅದಕ್ಕಾಗಿಯೇ.

ಬೆಂಗಳೂರಿನ ಫುಟ್‌ಬಾಲ್ ಹಳೆಯದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಪಲ್ಟನ್ನುಗಳ ಕೋಟೆಯಾಗಿದ್ದ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರು. ಆದರೆ ಅದೆಲ್ಲ ದಂಡು ಪ್ರದೇಶದ ಆಟ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದ ಆಟ. ಜಯನಗರ, ಬನಶಂಕರಿ, ಜೆ.ಪಿ. ನಗರದ ನಮ್ಮ ಕಡೆ ಮೈದಾನವೆಂದರೆ ಮೂರು ವಿಕೆಟ್ಟೇ. ಗೊಟ್ಟಿಗೆರೆಯಂತೂ ನಾನು ಬಂದಾಗ ಇನ್ನೂ ಅರ್ಧ ಹಳ್ಳಿ. ಕೆರೆ ಏರಿ, ರಾಗಿ ಹೊಲ, ಬನ್ನೇರುಘಟ್ಟಕ್ಕೆ ಹೋಗುವ ಬಸ್ಸು. ಇಲ್ಲಿನ ಮಕ್ಕಳಿಗೆ ಫುಟ್‌ಬಾಲ್ ಬಂದದ್ದು ಟಿವಿಯಿಂದ, ಆಮೇಲೆ ಟರ್ಫಿನಿಂದ. ನೋಡಲು ಒಂದು ಸ್ವಂತ ಊರಿನ ತಂಡ ಅಂತ ಸಿಕ್ಕಿದ್ದು 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿದಾಗ.

ನಾಯಕ ಸುನಿಲ್ ಛೆಟ್ರಿ, ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ಆಗಿನ ದೇಶದ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಎರಡನೇ ವರ್ಷ, 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಕೊನೆಯ ಪಂದ್ಯ. ಗೆದ್ದರೆ ಪ್ರಶಸ್ತಿ ನಮ್ಮದು, ಡ್ರಾ ಆದರೂ ಅವರದು. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಬಲೆಗೆ ಬಿತ್ತು, ಪ್ರಶಸ್ತಿ ಕೋಲ್ಕತ್ತಾಕ್ಕೆ ಹೋಯಿತು.

ಈಗ ಹುಡುಗನ ಪ್ರಶ್ನೆಗೆ ಹತ್ತಿರವಾದ ಸಂಗತಿ. ನಾನು ಹೇಳಿದ ಏಷ್ಯಾದ ಫೈನಲ್ 2016ರ ಎಎಫ್‌ಸಿ ಕಪ್‌ನದು; ಅದಕ್ಕೆ ಬೆಂಗಳೂರಿಗೆ ಟಿಕೆಟ್ ಸಿಕ್ಕಿದ್ದು ಲೀಗ್‌ನಿಂದಲ್ಲ. 2015ರ ಜನವರಿ 11ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 2-1ರಿಂದ ಸೋಲಿಸಿ ಗೆದ್ದ ದೇಶದ ಕಪ್, ಅಂದರೆ ಫೆಡರೇಷನ್ ಕಪ್‌ನಿಂದ. ಖಂಡದ ಟೂರ್ನಿಯಲ್ಲಿ ಈ ವರ್ಷ ಉಣ್ಣುವುದು ಹಿಂದಿನ ವರ್ಷದ ಫಸಲು, ಈ ವರ್ಷ ಬಿತ್ತಿದ್ದು ಮುಂದಿನ ವರ್ಷಕ್ಕೆ. ಹಾಗಾಗಿಯೇ ಒಂದೇ ಋತುವಿನಲ್ಲಿ ಕ್ಲಬ್ ಎರಡು ಕೆಲಸ ಮಾಡಬೇಕಾಗುತ್ತದೆ: ಸಿಕ್ಕ ಅವಕಾಶವನ್ನು ಆಡಿ ಉಳಿಸಿಕೊಳ್ಳುವುದು, ಮುಂದಿನ ಅವಕಾಶಕ್ಕೆ ಲೀಗ್‌ನಲ್ಲಿ ದುಡಿಯುವುದು. ಒಂದರ ಮೇಲೆ ಕಣ್ಣಿಟ್ಟರೆ ಇನ್ನೊಂದು ಜಾರುತ್ತದೆ. ಒಲಿಂಪಿಯಾಕೋಸ್‌ಗೆ ಲೀಗ್ ಜಾರಿತು.

ಬೆಂಗಳೂರಿಗೆ ಆ ವರ್ಷ ಲೀಗ್ ಜಾರಲಿಲ್ಲ. ಒಂಬತ್ತು ತಂಡ, ತಲಾ 16 ಪಂದ್ಯ, ಜನವರಿಯಿಂದ ಏಪ್ರಿಲ್. ಐಜ್ವಾಲ್‌ನಲ್ಲಿ, ಶಿಲ್ಲಾಂಗ್‌ನಲ್ಲಿ ಬೆಟ್ಟದ ಮೇಲೆ ಆಡಿ, ನಡುವೆ ಏಷ್ಯಾ ಪಂದ್ಯಗಳಿಗೆ ಮಲೇಷ್ಯಾ, ಲಾವೋಸ್, ಮ್ಯಾನ್ಮಾರ್‌ಗೆ ಹೋಗಿ ಬರಬೇಕಿತ್ತು. ಏಪ್ರಿಲ್ 17ರ ಭಾನುವಾರ ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0 ಗೆಲುವು, ಮೂರು ವರ್ಷದಲ್ಲಿ ಎರಡನೇ ಲೀಗ್ ಪ್ರಶಸ್ತಿ. ವಾರ ಕಳೆಯುವಷ್ಟರಲ್ಲಿ ಕೊನೆಯ ಲೀಗ್ ಪಂದ್ಯದಲ್ಲಿ ಮೋಹನ್ ಬಾಗಾನ್ ಎದುರು 0-5ರ ಸೋಲು. ಆಮೇಲೆ ಫೆಡರೇಷನ್ ಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಐಜ್ವಾಲ್ ತಂಡ ಹೊರಹಾಕಿತು. ಸೋಮಾರಿತನದಿಂದ ಸೋತದ್ದಲ್ಲ ಅದು. ಮೂರು ದಿಕ್ಕಿಗೆ ಎಳೆದಾಗ ಹಗ್ಗ ಎಲ್ಲೋ ಒಂದು ಕಡೆ ಸಡಿಲವಾಗಲೇಬೇಕು.

ಎಎಫ್‌ಸಿ ಕಪ್ ಎಂದರೆ ಆಗ ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿ. ಮೇಲಿನದು ಚಾಂಪಿಯನ್ಸ್ ಲೀಗ್, ಅದು ಜಪಾನ್, ಕೊರಿಯಾ, ಸೌದಿಯಂಥ ದೊಡ್ಡವರದು. ಎರಡನೇ ದರ್ಜೆ ಎಂದ ಮಾತ್ರಕ್ಕೆ ಸುಲಭದ್ದಲ್ಲ. ನಮ್ಮ ಗುಂಪಿನಲ್ಲಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಹಿಂದಿನ ವರ್ಷದ ಚಾಂಪಿಯನ್. ಜೊಹೊರ್ ರಾಜಮನೆತನದ ಹಣ, ಆಸಕ್ತಿ ಎರಡೂ ಹರಿದ ಕ್ಲಬ್. ಗುಂಪಿನ ಹಂತದಲ್ಲಿ ಅವರು ನಮ್ಮನ್ನು ಎರಡೂ ಸಲ ಸೋಲಿಸಿದರು. ನಾವು ಎರಡನೇ ಸ್ಥಾನದಲ್ಲಿ ದಾಟಿದೆವು.

ಎರಡನೇ ಸ್ಥಾನಕ್ಕೆ ಒಂದು ಬೆಲೆಯಿತ್ತು. ಹದಿನಾರರ ಸುತ್ತಿನಲ್ಲಿ ಒಂದೇ ಪಂದ್ಯ, ಅದು ಗುಂಪಿನಲ್ಲಿ ಮೊದಲು ಬಂದವರ ಅಂಗಳದಲ್ಲಿ. ಬೆಂಗಳೂರು ಹಾಂಗ್‌ಕಾಂಗ್‌ಗೆ ಹೋಗಿ ಕಿಚ್ಚಿ ತಂಡದ ಎದುರು ಆಡಬೇಕಾಯಿತು. ಮೇ ಕೊನೆಯ ವಾರ, ಋತು ಮುಗಿದು ದಣಿದಿದ್ದ ತಂಡ 3-2ರಿಂದ ಗೆದ್ದಿತು. ನನ್ನ ದೃಷ್ಟಿಯಲ್ಲಿ ಆ ವರ್ಷದ ಅತ್ಯಂತ ಗಟ್ಟಿ ಗೆಲುವು ಅದೇ. ಅದರ ಬಗ್ಗೆ ಮಾತಾಡಿದವರು ಕಡಿಮೆ.

ಅಲ್ಲಿಂದ ಮೂರೂವರೆ ತಿಂಗಳ ಬಿಡುವು. ಈ ಬಿಡುವಿನಲ್ಲಿ ವೆಸ್ಟ್‌ವುಡ್ ಹೊರಟರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಎಎಫ್‌ಸಿ ನಿಯಮ ಮೂವರು ವಿದೇಶಿಯರ ಜೊತೆಗೆ ಏಷ್ಯಾದ ಒಬ್ಬನನ್ನು ಮಾತ್ರ ಬಿಡುತ್ತಿತ್ತು. ಇಂಗ್ಲೆಂಡಿನ ಜಾನ್ಸನ್, ಸ್ಪೇನಿನ ಹುವಾನಾನ್ ಮತ್ತು ಆಲ್ವಾರೊ ರುಬಿಯೊ ಮೂವರಾದರು. ನಾಲ್ಕನೆಯವ ಆಸ್ಟ್ರೇಲಿಯಾದ ಕ್ಯಾಮರಾನ್ ವಾಟ್ಸನ್. ಆಸ್ಟ್ರೇಲಿಯಾ ಏಷ್ಯಾದ್ದು ಹೇಗಾಯಿತು ಎಂದು ಹುಡುಗ ಕೇಳಿಯೇ ಕೇಳಿದ. ಭೂಪಟದಲ್ಲಿ ಅಲ್ಲ, ಫುಟ್‌ಬಾಲ್ ಒಕ್ಕೂಟದ ಸದಸ್ಯತ್ವದಲ್ಲಿ. 2006ರಿಂದ ಅವರು ಏಷ್ಯಾ ಒಕ್ಕೂಟದಲ್ಲಿದ್ದಾರೆ. ಉಳಿದ ಏಳು ಜಾಗ ಭಾರತೀಯರದು: ಛೆಟ್ರಿ, ಯುಜೆನ್‌ಸನ್ ಲಿಂಗ್ಡೋ, ಸಿ.ಕೆ. ವಿನೀತ್, ರಿನೊ ಆಂಟೊ, ಉದಾಂತ ಸಿಂಗ್, ಅಮರಿಂದರ್ ಸಿಂಗ್ ಮೊದಲಾದವರು. ಖಂಡದ ಪಂದ್ಯಗಳ ಭಾರ ಹೊತ್ತದ್ದು ಬಹುಪಾಲು ಇವರೇ.

ಕ್ವಾರ್ಟರ್‌ಫೈನಲ್ ಸೆಪ್ಟೆಂಬರ್ 14ಕ್ಕೆ, ಕಂಠೀರವದಲ್ಲಿ, ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ವಿರುದ್ಧ. ಆ ತಾರೀಖು ಬೆಂಗಳೂರಿನವರಿಗೆ ಬೇರೆ ಕಾರಣಕ್ಕೆ ನೆನಪಿರಬೇಕು. ಎರಡು ದಿನ ಮೊದಲು, 12ರಂದು, ಕಾವೇರಿ ನೀರಿನ ತೀರ್ಪಿನ ಕಿಚ್ಚಿಗೆ ಊರು ಹೊತ್ತಿ ಉರಿದಿತ್ತು. ಬಸ್ಸುಗಳು ಸುಟ್ಟು ಕರಕಲಾಗಿದ್ದವು, ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಗೊಟ್ಟಿಗೆರೆಯಿಂದ ಹೊರಡುವ ಧೈರ್ಯ ನನಗಾಗಲಿಲ್ಲ. ಟಿವಿಯಲ್ಲೇ ನೋಡಿದೆ. ಏಳನೇ ನಿಮಿಷದಲ್ಲಿ ವಿನೀತ್ ಗೋಲು, ಅದೊಂದೇ ಗೋಲು. ಮರುವಾರ ಸಿಂಗಪುರದಲ್ಲಿ 0-0. ಎರಡು ಪಂದ್ಯ ಕೂಡಿದರೆ 1-0, ಸೆಮಿಫೈನಲ್.

ಎದುರಾಳಿ ಮತ್ತೆ ಜೊಹೊರ್. ಇಲ್ಲಿ ಆಗಿನ ಒಂದು ನಿಯಮ ಗೊತ್ತಿರಬೇಕು. ಎರಡೂ ಪಂದ್ಯಗಳ ಒಟ್ಟು ಗೋಲು ಸಮವಾದರೆ, ಪರ ಊರಿನಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗುತ್ತಿದ್ದರು. ಯುರೋಪ್ ಈ ನಿಯಮವನ್ನು 2021ರಲ್ಲಿ ಕೈಬಿಟ್ಟಿತು. 2016ರ ಏಷ್ಯಾದಲ್ಲಿ ಅದು ಜೀವಂತವಾಗಿತ್ತು. ಸೆಪ್ಟೆಂಬರ್ 28ರಂದು ಜೊಹೊರ್ ಬಾಹ್ರುವಿನ ಲಾರ್ಕಿನ್ ಅಂಗಳದಲ್ಲಿ ಲಿಂಗ್ಡೋ ಹೊಡೆದ ಗೋಲಿನಿಂದ 1-1 ಆಯಿತಲ್ಲ, ಆ ಒಂದು ಗೋಲು ಬೆಂಗಳೂರಿಗೆ ವಿಮಾನದಲ್ಲಿ ಜೊತೆಗೇ ಬಂತು. ಕಂಠೀರವದಲ್ಲಿ 0-0 ಆದರೂ ಸಾಕಿತ್ತು.

ಅಕ್ಟೋಬರ್ 19, ಬುಧವಾರ. ಈ ಸಲ ನಾನು ಹೋದೆ. 365ರ ಬಸ್ಸು ಹಿಡಿದು, ಹುಳಿಮಾವು, ಅರೆಕೆರೆ, ಬಿಳೇಕಹಳ್ಳಿಯ ಟ್ರಾಫಿಕ್ಕಿನಲ್ಲಿ ತೆವಳಿ, ಡೈರಿ ಸರ್ಕಲ್ ದಾಟಿ, ಒಳಗೆ ಹೋಗಿ ಕೂರುವಷ್ಟರಲ್ಲಿ ಜೊಹೊರ್ ಗೋಲು ಹೊಡೆದಾಗಿತ್ತು. 11ನೇ ನಿಮಿಷ, ಸಫಿಕ್ ರಹೀಂ. ಪರ ಊರಿನ ಗೋಲಿನ ನಮ್ಮ ಗಂಟು ಅಲ್ಲಿಗೆ ಕರಗಿತು. ಇನ್ನು ನಾವು ಹೊಡೆಯಲೇಬೇಕು. ಕಂಠೀರವದಲ್ಲಿ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಗ್ಯಾಲರಿಗೂ ಆಟಕ್ಕೂ ನಡುವೆ ದೂರ. ಆ ದೂರವನ್ನು ಅಂದು ಸದ್ದು ತುಂಬಿತು. ಪಶ್ಚಿಮದ ಗ್ಯಾಲರಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಒಂದು ಕ್ಷಣವೂ ಕೂರಲಿಲ್ಲ. 41ನೇ ನಿಮಿಷದಲ್ಲಿ ಛೆಟ್ರಿ ಸಮ ಮಾಡಿದರು. 67ರಲ್ಲಿ ಮತ್ತೆ ಛೆಟ್ರಿ. 75ರಲ್ಲಿ ಹುವಾನಾನ್. 3-1. ಒಟ್ಟು 4-2. ಗುಂಪಿನಲ್ಲಿ ಎರಡು ಸಲ ನಮ್ಮನ್ನು ಸೋಲಿಸಿದ್ದ ಹಾಲಿ ಚಾಂಪಿಯನ್ನರು ನಮ್ಮ ಊರಿನಲ್ಲಿ ಹೊರಬಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಆಸ್ಟಿನ್ ಟೌನ್‌ನವರು, ನನ್ನ ಕೈ ಹಿಡಿದು ಏನೂ ಮಾತಾಡದೆ ಅತ್ತರು. ಆ ಕೈಯ ಬಿಸಿ ಇನ್ನೂ ನೆನಪಿದೆ.

ಆ ರಾತ್ರಿಯ ಸಂಭ್ರಮದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ವಿಷಯವಿತ್ತು. ಗೋಲ್‌ಕೀಪರ್ ಅಮರಿಂದರ್ ಹಳದಿ ಕಾರ್ಡುಗಳ ಕಾರಣ ಮುಂದಿನ ಪಂದ್ಯ ಆಡುವಂತಿರಲಿಲ್ಲ. ಲೀಗ್‌ನಲ್ಲಾದರೆ ಒಂದು ಪಂದ್ಯ ಹೊರಗೆ ಕೂತು ವಾಪಸು ಬರಬಹುದು. ಇಲ್ಲಿ ಮುಂದಿನ ಪಂದ್ಯವೇ ಫೈನಲ್. ಅವರ ಜಾಗದಲ್ಲಿ ಲಾಲ್‌ಥುಅಮ್ಮಾವಿಯಾ ರಾಲ್ತೆ ನಿಂತರು. ಇನ್ನೊಂದು ಕಷ್ಟ, ದೇಶದೊಳಗಿನದು. ಆಗ ಬೆಂಗಳೂರು ಐ-ಲೀಗ್‌ನ ಕ್ಲಬ್. ಐಎಸ್‌ಎಲ್ ಬೇರೆಯೇ ಟೂರ್ನಿ, ಅಕ್ಟೋಬರ್ 1ಕ್ಕೆ ಶುರುವಾಗಿತ್ತು. ನಮ್ಮ ಆಟಗಾರರಲ್ಲಿ ಹಲವರಿಗಾಗಿ ಅಲ್ಲಿನ ತಂಡಗಳು ಕಾಯುತ್ತಿದ್ದವು. ಫೈನಲ್ ಮುಗಿದೊಡನೆ ಛೆಟ್ರಿ ಮುಂಬೈಗೆ, ವಿನೀತ್ ಕೇರಳಕ್ಕೆ ಹೋಗಿ ಆಡಿದರು. ದೇಶದ ಎಲ್ಲ ಕಣ್ಣು, ಎಲ್ಲ ಕ್ಯಾಮೆರಾ ಆ ತಿಂಗಳು ಐಎಸ್‌ಎಲ್ ಮೇಲಿತ್ತು. ಭಾರತದ ಕ್ಲಬ್ಬೊಂದು ಮೊದಲ ಸಲ ಎಎಫ್‌ಸಿ ಕಪ್ ಫೈನಲ್ ಆಡುವಾಗ ದೇಶ ಬೇರೆ ಕಡೆ ನೋಡುತ್ತಿತ್ತು.

ನವೆಂಬರ್ 5, ಶನಿವಾರ, ಕತಾರ್‌ನ ದೋಹಾ. ಎದುರಾಳಿ ಇರಾಕ್‌ನ ವಾಯುಪಡೆಯ ಕ್ಲಬ್ ಅಲ್ ಕುವಾ ಅಲ್ ಜವಿಯಾ, 1931ರಲ್ಲಿ ಹುಟ್ಟಿದ್ದು. ನಮ್ಮ ಕ್ಲಬ್‌ಗೆ ಮೂರು ವರ್ಷ. ಯುದ್ಧದಿಂದ ಜರ್ಜರವಾದ ದೇಶದ ತಂಡ ತನ್ನ ಊರಿನಲ್ಲಿ ಖಂಡದ ಪಂದ್ಯ ಆಡುವಂತಿರಲಿಲ್ಲ, ದೋಹಾವೇ ಅದರ ತವರಾಗಿತ್ತು. ಕತಾರ್‌ನಲ್ಲಿ ದುಡಿಯುವ ನಮ್ಮವರೂ ಗ್ಯಾಲರಿಗೆ ಬಂದಿದ್ದರು. ಬೆಂಗಳೂರು 70 ನಿಮಿಷ ತಡೆದು ನಿಂತಿತು. 70ನೇ ನಿಮಿಷದಲ್ಲಿ ಅಮ್ಜದ್ ರಾಧಿ ಕೊಟ್ಟ ಚೆಂಡನ್ನು ಹಮ್ಮಾದಿ ಅಹ್ಮದ್ ಬಲೆಗೆ ಸೇರಿಸಿದ. ಅದು ಆ ಟೂರ್ನಿಯಲ್ಲಿ ಅವನ 16ನೇ ಗೋಲು. 0-1. ಅದೇ ಇರಾಕಿ ತಂಡ 2017, 2018ರಲ್ಲೂ ಕಪ್ ಗೆದ್ದಿತು ಎಂದರೆ ನಾವು ಯಾರೆದುರು ಸೋತೆವು ಎಂಬುದು ತಿಳಿಯುತ್ತದೆ. ಅಮರಿಂದರ್ ಇದ್ದಿದ್ದರೆ ಎಂದು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ, ರಾಲ್ತೆಯ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ಮೂರು ದಿನ ಕಳೆಯಿತು. ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತು. ಊರಿಗೆ ಊರೇ ಎಟಿಎಂ ಮುಂದೆ ಸಾಲು ನಿಂತಿತು. ದೋಹಾದಿಂದ ವಾಪಸು ಬಂದ ತಂಡದ ಬಗ್ಗೆ ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಎದುರು ಮನೆಯ ಅಪ್ಪನಿಗೆ ಈ ಫೈನಲ್ ಗೊತ್ತಿಲ್ಲದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಲೀಗ್‌ನಲ್ಲಿ ಬಿತ್ತಿದ್ದು ಮರುವರ್ಷ ಫಲ ಕೊಟ್ಟಿತು. 2017ರಲ್ಲಿ ತಂಡ ಮತ್ತೆ ಏಷ್ಯಾಕ್ಕೆ ಹೋಯಿತು, ಉತ್ತರ ಕೊರಿಯಾದ 4.25 ತಂಡವನ್ನು ಇಲ್ಲಿ 3-0ಯಿಂದ ಸೋಲಿಸಿ, ಪ್ಯೊಂಗ್ಯಾಂಗ್‌ನಲ್ಲಿ 0-0 ಮಾಡಿಕೊಂಡು ಬಂತು. ಮುಂದಿನ ಸುತ್ತಿನಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್ ತಡೆಯಿತು. ಆ ವರ್ಷವೇ ಕ್ಲಬ್ ಐಎಸ್‌ಎಲ್ ಸೇರಿತು, 2019ರ ಮಾರ್ಚ್‌ನಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ಚಾಂಪಿಯನ್ ಆಯಿತು. ಆಮೇಲೆ ಏಷ್ಯಾದ ದಾರಿ ಕಿರಿದಾಗುತ್ತಾ ಹೋಯಿತು. 2025ರ ಹೊತ್ತಿಗೆ ಆ ಟಿಕೆಟ್ ಐಎಸ್‌ಎಲ್ ಅಂಕಪಟ್ಟಿಯ ಮೊದಲನೆಯವರಿಗೆ, ಮತ್ತು ಸೂಪರ್ ಕಪ್ ಗೆದ್ದವರಿಗೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರು ಐಎಸ್‌ಎಲ್ ಫೈನಲ್ ಆಡಿ ಮೋಹನ್ ಬಾಗಾನ್‌ಗೆ 1-2ರಿಂದ ಸೋತಿತು. ಅಷ್ಟು ದೂರ ಬಂದರೂ ಏಷ್ಯಾ ಸಿಗಲಿಲ್ಲ. ಕಂಠೀರವದಲ್ಲಿ ಈ ತಂಡ ಕೊನೆಯ ಸಲ ಏಷ್ಯಾ ಪಂದ್ಯ ಆಡಿದ್ದು 2020ರ ಫೆಬ್ರವರಿಯಲ್ಲಿ. 2025ರಲ್ಲಂತೂ ಒಪ್ಪಂದದ ತಕರಾರಿನಿಂದ ಐಎಸ್‌ಎಲ್ ವೇಳೆಗೆ ಸರಿಯಾಗಿ ಶುರುವಾಗಲೇ ಇಲ್ಲ. ಲೀಗೇ ವೇಳೆಗೆ ನಡೆಯದಿದ್ದರೆ ಖಂಡದ ಟೂರ್ನಿಗೆ ಬಿತ್ತುವುದೆಲ್ಲಿ?

ಹುಡುಗನಿಗೆ ಇಷ್ಟನ್ನೂ ಒಂದೇ ಸಂಜೆ ಹೇಳಲಾಗಲಿಲ್ಲ, ಎರಡು ಸಂಜೆ ಬೇಕಾಯಿತು. ಎರಡನೇ ಸಂಜೆ ಅವನ ಅಪ್ಪನೂ ಬಂದು ನಿಂತು ಕೇಳಿದರು. ತಂಡ ಮುಂದಿನ ಸಲ ಕಂಠೀರವದಲ್ಲಿ ಆಡುವಾಗ ಮೂವರೂ ಹೋಗುವುದೆಂದು ಮಾತಾಗಿದೆ. ದಕ್ಷಿಣ ಬೆಂಗಳೂರಿನ ಟರ್ಫುಗಳಲ್ಲಿ ಬಾರ್ಸಿಲೋನಾ, ಮ್ಯಾಡ್ರಿಡ್ ಜೆರ್ಸಿ ಹಾಕಿ ಆಡುವ ಮಕ್ಕಳ ಅಪ್ಪ ಅಮ್ಮಂದಿರೂ ಒಮ್ಮೆ ಹಾಗೆ ಕರೆದುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತೇನೆ.

2004ರಲ್ಲಿ ಶುರುವಾದ ಎಎಫ್‌ಸಿ ಕಪ್ 2024ರಲ್ಲಿ ಮುಗಿಯಿತು. ಆ ಹೆಸರಿನ ಟೂರ್ನಿ ಈಗಿಲ್ಲ. ಅದರ ಫೈನಲ್ ಆಡಿದ ಭಾರತದ ಕ್ಲಬ್ ಒಂದೇ ಒಂದು, ಅದು ಬೆಂಗಳೂರಿನದು.